ನೂಲು ಕಟ್ಟದೆ ಉಳಿದ ಮರ

ಅದು ಆಟಿ ಅಮಾವಾಸ್ಯೆಯ ಹಿಂದಿನ ದಿನ. ಅಣ್ಣ ಎಂದಿನಂತೆ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸಿದ. ಹೊಲಿಗೆ ಮೆಷಿನಿಗೆ ಎಣ್ಣೆ ಬಿಟ್ಟ. ನೆಲದಲ್ಲಿದ್ದ ಬಟ್ಟೆಚೂರುಗಳನ್ನು ಕಾಲಿನಿಂದ ಮೂಲೆಗೆ ಸರಿಸಿದ. ನಾನು ಪೊರಕೆ ತಂದಾಗ, "ಅಲ್ಲೇ ಇರಲಿ, ತಲೆದಿಂಬಿಗೆ ಆಗ್ತದೆ ಅಂತ ಹೇಳಿದ್ದಲ್ಲವಾ" ಎಂದ. ದಿನಾ ಹೇಳುತ್ತಿದ್ದ ಮಾತು ಅದು. ಆ ಚೂರುಗಳಿಂದ ಒಂದು ತಲೆದಿಂಬೂ ಆಗಿರಲಿಲ್ಲ.

ಬಂಟ್ವಾಳದ ಹತ್ತಿರದ ಮೆಲ್ಕಾರಿನಲ್ಲಿ ರಸ್ತೆಗೆ ಮುಖಮಾಡಿ ಒಂದು ಕೋಣೆಯ ಟೈಲರ್ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಅಮ್ಮ, ಅಣ್ಣ, ನಾನು, ಮೂವರೇ ಇದ್ದದ್ದು. ತಂದೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅಣ್ಣ ಮೂಡಬಿದ್ರಿಯಲ್ಲಿ ಒಬ್ಬರ ಹತ್ತಿರ ಹೊಲಿಗೆ ಕಲಿತು ಬಂದವ. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಒಳಗೆ ಕೂತು ಕಾಜಾ ಹೊಲಿಯುವುದು, ಬಟನು ಹಾಕುವುದು ನನ್ನ ಕೆಲಸ. ಅಂಗಡಿಗೂ ನಾನು ಕೂರುವ ಕೋಣೆಗೂ ನಡುವೆ ಒಂದು ಪರದೆ ಮಾತ್ರ. ಅಂಗಡಿಯಲ್ಲಿ ಆಡಿದ ಮಾತೆಲ್ಲ ನನಗೆ ಕೇಳುತ್ತಿತ್ತು. ಈಗ ಬರೆಯುತ್ತಿರುವುದು ಹಾಗೆ ಕೇಳಿದ್ದನ್ನೇ.

ಆ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಮೂರು ವಾರ ಕಳೆದಿತ್ತು. ನಮ್ಮಲ್ಲಿ ಆ ದಿನಗಳಲ್ಲಿ ಚಂದ್ರನೇ ಕಂಡಿರಲಿಲ್ಲ. ಆಟಿ ಎಂದರೆ ತುಳುವರ ಮಳೆಯ ತಿಂಗಳು, ಬರೀ ಮೋಡ. ಕಾಣದ ಚಂದ್ರನ ಸುದ್ದಿ ಮಾತ್ರ ದಿನಾ ಬರುತ್ತಿತ್ತು, ಸಂಜೆಯ ಬಸ್ಸಿನಲ್ಲಿ ಮಂಗಳೂರಿನ ಪತ್ರಿಕೆಯ ಜೊತೆಗೆ.

ಆಕಾಶದ ಸಂಗತಿ ಅಣ್ಣನಿಗೆ ಮೂಡಬಿದ್ರಿಯಲ್ಲೇ ಅಂಟಿದ್ದು. ರಷ್ಯಾದವರು ಮೊದಲ ಉಪಗ್ರಹ ಬಿಟ್ಟಾಗ ಅವ ಅಲ್ಲಿ ಕೆಲಸ ಕಲಿಯುತ್ತಿದ್ದ. ಊರಿಗೆ ಬಂದವ ಊಟಕ್ಕೆ ಕೂತು ಅದನ್ನೇ ಹೇಳಿದ. ಎರಡನೆಯದರಲ್ಲಿ ನಾಯಿಯನ್ನು ಕೂರಿಸಿದ್ದಾರೆ, ಅದನ್ನು ಕೆಳಗಿಳಿಸುವ ಉಪಾಯ ಇಲ್ಲ ಎಂದಾಗ ಅಮ್ಮ ಬಡಿಸುವುದನ್ನು ನಿಲ್ಲಿಸಿದಳು. "ನಂಬಿದ ನಾಯಿಯನ್ನು ಕೊಲ್ಲಲಿಕ್ಕೆ ಅಷ್ಟು ಮೇಲೆ ಕೊಂಡೋಗಬೇಕಾ?" ಎಂದಳು. ಅಮ್ಮ ಆಮೇಲೆ ಎಷ್ಟೋ ವರ್ಷ, ಅಣ್ಣ ಪತ್ರಿಕೆ ಬಿಡಿಸಿದರೆ ಸಾಕು, "ನಾಯಿ ಬಂತಾ?" ಎಂದು ಕೇಳುತ್ತಿದ್ದಳು.

ಇನ್ನೊಂದು ನನ್ನದೇ ವಿಷಯ. ಬೆಳ್ತಂಗಡಿಯ ಹತ್ತಿರ ಲಾಯಿಲದಿಂದ ನನಗೊಂದು ಸಂಬಂಧ ಬಂದಿತ್ತು. ಎಲ್ಲ ಸರಿ ಎಂದಾದ ಮೇಲೆ ಜಾತಕದಲ್ಲಿ ಕುಜದೋಷ ಉಂಟೆಂದು ಅವರು ಬಿಟ್ಟರು. ಮತ್ತೆ ಬಂದವರೂ ಅದನ್ನೇ ಹೇಳಿದರು. ಅದಾಗಿ ಕೆಲವು ವರ್ಷಕ್ಕೆ, ಅಮೆರಿಕದ ನೌಕೆಯೊಂದು ಕುಜನ, ಎಂದರೆ ಮಂಗಳ ಗ್ರಹದ, ಹತ್ತಿರ ಹೋಗಿ ಚಿತ್ರ ತೆಗೆದು ಕಳಿಸಿತು. ಅಲ್ಲಿ ಕಾಲುವೆ ಇಲ್ಲ, ನೀರಿಲ್ಲ, ಚಂದ್ರನಲ್ಲಿರುವ ಹಾಗೆ ಬರೀ ಹೊಂಡಗಳು ಎಂದು ಪತ್ರಿಕೆಯಲ್ಲಿ ಬಂತು. ಅಣ್ಣ ಅದನ್ನು ಒಳಗೆ ತಂದು ನನ್ನ ಮುಂದೆ ಹಿಡಿದ. "ನೋಡು, ನಿನ್ನ ಮದುವೆ ನಿಲ್ಲಿಸಿದವ ಇವ. ಹೊಂಡ ಬಿಟ್ಟರೆ ಎಂತ ಉಂಟು ಇವನಲ್ಲಿ?" ನಾನು ನಕ್ಕೆ. ಅವ ನಗಲಿಲ್ಲ. ನನ್ನ ಮದುವೆಯಾಗದೆ ತಾನು ಆಗುವುದಿಲ್ಲ ಎಂದು ಹಠ ಹಿಡಿದು ಕೂತಿದ್ದ ಅವ.

ಚಂದ್ರನ ವಿಷಯದಲ್ಲಿ ಅವ ಮೊದಲು ನೋಡಿದ್ದು ಅಲ್ಲಿ ಇಳಿದವರ ಅಂಗಿ. ಪತ್ರಿಕೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ, ಹೊಲಿಗೆ ಎಲ್ಲಿ ಎಂದು ಹುಡುಕಿದ. ಕಪ್ಪು ಬಿಳಿ ಚುಕ್ಕೆಗಳ ಚಿತ್ರದಲ್ಲಿ ಹೊಲಿಗೆ ಎಲ್ಲಿ ಕಾಣುತ್ತದೆ?

"ಇದನ್ನೂ ಯಾರೋ ಮೆಷಿನಿನಲ್ಲಿ ಕೂತು ಹೊಲಿದದ್ದೇ ಅಲ್ಲವಾ?" ಎಂದ. "ಒಂದು ಕಡೆ ಹೊಲಿಗೆ ಬಿಟ್ಟುಹೋದರೆ ಒಳಗಿನ ಗಾಳಿ ಹೊರಗೆ. ಮನುಷ್ಯ ಮುಗಿದ."

"ನಿಮ್ಮ ಹತ್ತಿರ ಕೊಡದೆ ಇದ್ದದ್ದು ಒಳ್ಳೆಯದಾಯಿತು ಟೈಲರೇ" ಎಂದರು ಎದುರಿನ ಹೋಟೆಲಿನ ಯಜಮಾನರು. "ನೀವಾದರೆ ದೀಪಾವಳಿಗೆ ಕೊಡ್ತೇನೆ ಅಂತ ಹೇಳ್ತಿದ್ದಿರಿ. ಅವರು ಚಡ್ಡಿಯಲ್ಲೇ ಇಳಿಯಬೇಕಿತ್ತು."

ಎಲ್ಲರಿಗಿಂತ ಜೋರಾಗಿ ನಕ್ಕವ ಅಣ್ಣನೇ.

ಅಂಗಡಿಯ ಬೆಂಚಿಗೆ ದಿನಾ ಸಂಜೆ ಬರುತ್ತಿದ್ದವರು ಮುಖ್ಯವಾಗಿ ಮೂವರು. ಈ ಹೋಟೆಲಿನ ಯಜಮಾನರು, ಬಸ್ಸಿನ ಏಜೆಂಟರು, ಪೆನ್ಶನ್ ಆದ ಮಾಸ್ತರರು. ಮೂವರಿಗೂ ಓದಲು ಬರುತ್ತಿತ್ತು. ಆದರೂ ಅಣ್ಣನೇ ಓದಬೇಕು. ಅವ ಒಂದು ಸಾಲು ಓದಿ, ಅದನ್ನು ತುಳುವಿನಲ್ಲಿ ಬಿಡಿಸಿ ಹೇಳಿ, ಯಾರಾದರೂ ಅಡ್ಡ ಪ್ರಶ್ನೆ ಕೇಳಿದರೆ ಗಜಕೋಲನ್ನೋ ಗುರುತು ಹಾಕುವ ಸೀಮೆಸುಣ್ಣವನ್ನೋ ಹಿಡಿದು ತೋರಿಸುತ್ತಿದ್ದ. ಕತ್ತರಿಸುವ ಮೇಜಿನ ಮೇಲೆ ನೂಲಿನ ಉಂಡೆ ಭೂಮಿ, ಬಟನು ಚಂದ್ರ. ಅವ ಹೇಳಿದರೆ ನಾಟಕ ನೋಡಿದ ಹಾಗೆ ಎಂದು ಮಾಸ್ತರರೇ ಹೇಳುತ್ತಿದ್ದರು.

ಇನ್ನು ಆಟಿ ಅಮಾವಾಸ್ಯೆಯ ಕಷಾಯದ ವಿಷಯ ಹೇಳಬೇಕು. ನಮ್ಮ ಕಡೆ ಆ ದಿನ ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ತರುತ್ತಾರೆ. ದೀಪ ಒಯ್ಯಬಾರದು, ಕಬ್ಬಿಣ ತಾಗಿಸಬಾರದು. ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅದನ್ನು ಬೆಳ್ಳುಳ್ಳಿ, ಓಮ, ಕರಿಮೆಣಸಿನ ಜೊತೆ ಅರೆದು, ರಸ ಹಿಂಡಿ, ಬೆಂಕಿಯಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿ, ಮನೆಯವರೆಲ್ಲ ಬರೀ ಹೊಟ್ಟೆಗೆ ಕುಡಿಯಬೇಕು. ಕುಡಿದರೆ ವರ್ಷದ ರೋಗ ಹೋಗುತ್ತದೆ ಎಂದು ನಂಬಿಕೆ. ನಾಲಗೆಗೆ ತಾಗಿದರೆ ಸಾಕು, ಅಷ್ಟು ಕಹಿ. ಮೇಲಿಂದ ಮೆಂತೆ ಗಂಜಿ ಉಣ್ಣಬೇಕು.

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಪಾಲೆ ಮರ ಒಂದೇ ಇದ್ದದ್ದು. ಅದರಿಂದ ನಾಲ್ಕು ಹೆಜ್ಜೆಗೆ ಅಷ್ಟೇ ದಪ್ಪದ ಒಂದು ಕಾಸರಕನ ಮರ. ಕಾಸರಕ ವಿಷ ಎಂದು ನಮ್ಮಲ್ಲಿ ದನ ಮೇಯಿಸುವ ಮಕ್ಕಳಿಗೂ ಗೊತ್ತು. ಹಗಲಿನಲ್ಲಿ ಅಣ್ಣನಿಗೆ ಎರಡು ಮರಗಳೂ ಅವನ ಕೈಬೆರಳಿನಷ್ಟು ಗುರುತು. ಆದರೆ ಹೋಗಬೇಕಾದದ್ದು ಕತ್ತಲಲ್ಲಿ. ಅದಕ್ಕೇ ಅವ ಪ್ರತಿ ವರ್ಷ ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಪಾಲೆ ಮರಕ್ಕೆ ಬಿಳಿ ನೂಲು ಸುತ್ತಿ ಬರುತ್ತಿದ್ದ. ಮರುದಿನ ಕತ್ತಲಲ್ಲಿ ಕೈಯಾಡಿಸಿ, ನೂಲು ಸಿಕ್ಕಿದ ಮೇಲೆಯೇ ಕಲ್ಲೆತ್ತುವುದು. ತಂದೆ ಬಾಳೆನಾರು ಕಟ್ಟುತ್ತಿದ್ದರಂತೆ. ಟೈಲರನಾದ ಮೇಲೆ ಅಣ್ಣ ಅದನ್ನು ನೂಲು ಮಾಡಿದ. ಒಮ್ಮೆಯೂ ತಪ್ಪಿಸಿದವನಲ್ಲ.

ಆ ದಿನ ಸಂಜೆ ಅವ ಬೇಗ ಮೆಷಿನು ನಿಲ್ಲಿಸಿದ. ಆಗಸ್ಟ್ ಹದಿನೈದಕ್ಕೆ ಕೊಡಬೇಕಾದ ಶಾಲೆಮಕ್ಕಳ ಬಿಳಿ ಅಂಗಿಗಳು ಮೇಜಿನ ತುಂಬ ಇದ್ದವು. "ಉಳಿದದ್ದಕ್ಕೆ ನೀನು ಬಟನು ಹಾಕಿ ಇಡು, ನಾನು ನೂಲು ಕಟ್ಟಿ ಬರ್ತೇನೆ" ಎಂದು ಪರದೆಯ ಆಚೆಯಿಂದ ಹೇಳಿದ. ಬಿಳಿ ನೂಲಿನ ಉಂಡೆಯನ್ನು ಅಂಗಿಯ ಕಿಸೆಗೆ ಹಾಕಿದ್ದನ್ನು ಪರದೆಯ ಸಂದಿನಿಂದ ನೋಡಿದೆ. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನ ಏಜೆಂಟರು ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದರು.

"ಟೈಲರೇ, ಅವರನ್ನು ಹೊರಗೆ ಬಿಟ್ಟರಂತೆ!"

ಚಂದ್ರನಿಂದ ಬಂದ ಮೂವರನ್ನು ಅಲ್ಲಿನವರು ಅಷ್ಟು ದಿನ ಬಾಗಿಲು ಹಾಕಿ ಪ್ರತ್ಯೇಕ ಇಟ್ಟಿದ್ದರು. ಅಲ್ಲಿಂದ ಗೊತ್ತಿಲ್ಲದ ಯಾವುದಾದರೂ ರೋಗ ತಂದಿದ್ದರೆ ಎಂಬ ಹೆದರಿಕೆ. ಹೆಂಡತಿ ಮಕ್ಕಳೂ ಗಾಜಿನ ಆಚೆಯಿಂದ ಮಾತಾಡಬೇಕಿತ್ತಂತೆ. ಈಗ ಬಿಟ್ಟಿದ್ದಾರೆ. ಅಣ್ಣ ನಿಂತುಕೊಂಡೇ ಓದತೊಡಗಿದ. ಮಾಸ್ತರರು ಬಂದರು. ಹೋಟೆಲಿನ ಯಜಮಾನರೂ ಬಂದರು. ಅವರ ಹಿಂದೆ ಬಸ್ಸಿಗೆ ಕಾಯುತ್ತಿದ್ದ ಮೂರು ನಾಲ್ಕು ಜನ.

"ಕೂತುಕೊಂಡು ಓದಿ ಮಾರ್ರೆ, ನಿಂತು ಓದಿದರೆ ಸುದ್ದಿ ಓಡಿಹೋಗ್ತದೆ" ಎಂದರು ಏಜೆಂಟರು.

"ಇಲ್ಲ, ನನಗೆ ಗುಡ್ಡೆಗೆ ಹೋಗಲಿಕ್ಕೆ ಉಂಟು. ಬೆಳಕು ಹೋಗ್ತದೆ. ನಾಳೆಯ ಮರಕ್ಕೆ ಗುರುತು ಕಟ್ಟಬೇಕು."

"ಮರ ಎಲ್ಲಿಗೂ ಓಡುವುದಿಲ್ಲ. ಕೂತುಕೊಳ್ಳಿ."

"ಚಂದ್ರನಿಗೆ ಹೋದವರೇ ವಾಪಸ್ಸು ಬಂದರು, ನಿಮಗೆ ಹಿಂದಿನ ಗುಡ್ಡೆಗೆ ಹೋಗಿ ಬರಲಿಕ್ಕೆ ಎಂತ ಅವಸರ?" ಇದು ಹೋಟೆಲಿನ ಯಜಮಾನರು.

ಮಾಸ್ತರರು ಅವನ ರಟ್ಟೆ ಹಿಡಿದು ಸ್ಟೂಲಿನಲ್ಲಿ ಕೂರಿಸಿದರು. ನಾನು ಅದನ್ನೂ ನೋಡಿದೆ. "ಆ ಕಲ್ಲಿನ ವಿಷಯ ಒಂದು ಓದಿಬಿಡು, ನಾನೂ ಹೊರಡ್ತೇನೆ" ಎಂದರು.

ಚಂದ್ರನಿಂದ ತಂದ ಕಲ್ಲು, ಮಣ್ಣಿನ ವಿಷಯ ಆ ದಿನ ಉದ್ದಕ್ಕೆ ಬಂದಿತ್ತು. ಕಲ್ಲನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಗೇ ಸೇರಿಸಿದ ಕೈಗವಸಿನೊಳಗೆ ಕೈ ಹಾಕಿ ಹಿಡಿಯುತ್ತಾರೆ. ಮಣ್ಣನ್ನು ಮೊದಲು ಇಲಿಗಳಿಗೆ ಕೊಟ್ಟು ನೋಡುತ್ತಾರೆ. ಇಲಿಗೆ ಏನೂ ಆಗದಿದ್ದರೆ ಆಮೇಲೆ ಮನುಷ್ಯರು. ಅಲ್ಲಿ ನೀರಿನ ಗುರುತಿಲ್ಲ, ಜೀವದ ಗುರುತು ಇದುವರೆಗೆ ಕಂಡಿಲ್ಲ.

"ಇಲಿಗಳಿಗೆ ಯಾಕೆ?" ಎಂದರು ಬಸ್ಸಿಗೆ ಕಾಯುತ್ತಿದ್ದ ಒಬ್ಬರು.

"ಗೊತ್ತಿಲ್ಲದ ಪದಾರ್ಥ ಅಲ್ಲವಾ" ಎಂದ ಅಣ್ಣ. "ಮೊದಲು ಪರೀಕ್ಷೆ."

"ನಮ್ಮ ಹೋಟೆಲಿನ ಇಲಿಗಳನ್ನು ಕಳಿಸುವ. ಅವು ನಮ್ಮ ಸಾಂಬಾರು ತಿಂದು ಬದುಕಿದ್ದಾವೆ. ಚಂದ್ರನ ಮಣ್ಣು ಅವುಗಳಿಗೆ ಲೆಕ್ಕಕ್ಕೇ ಇಲ್ಲ."

ಎಲ್ಲರೂ ನಕ್ಕರು. ಒಳಗೆ ನಾನೂ ನಕ್ಕೆ. ಕೈಗವಸು ಪೆಟ್ಟಿಗೆಗೆ ಹೇಗೆ ಸೇರಿರುತ್ತದೆ ಎಂದು ಮಾಸ್ತರರು ಕೇಳಿದರು. ಅಣ್ಣ ಒಂದು ಅಂಗಿಯ ತೋಳನ್ನು ತಿರುಗಿಸಿ, ಖಾಲಿ ರಟ್ಟಿನ ಡಬ್ಬಕ್ಕೆ ಹಿಡಿದು ತೋರಿಸಿದ. ಮತ್ತೊಮ್ಮೆ ತೋರಿಸಿ ಎಂದರು. ಆಮೇಲೆ ಬಂದವರಿಗಾಗಿ ಮೊದಲಿನಿಂದ ಓದಿ ಎಂದರು. ಅವ ಓದಿದ. ಅಮ್ಮ ದೀಪ ಹಚ್ಚಿ ತಂದು ಅಂಗಡಿಯಲ್ಲಿ ಇಟ್ಟಳು. ಅಷ್ಟಾದ ಮೇಲೆ ಎಲ್ಲರೂ ಎದ್ದರು. ಅವ ಹಿಂದಿನ ಬಾಗಿಲಿಗೆ ಬಂದು ಗುಡ್ಡೆಯ ಕಡೆ ನೋಡಿದ. ಗುಡ್ಡೆಯೇ ಕಾಣುತ್ತಿರಲಿಲ್ಲ. ಮಳೆ ಹಿಡಿದಿತ್ತು. ಅಂಗಿ ಬಿಚ್ಚಿ ಮೊಳೆಗೆ ಹಾಕಿದ.

"ಈ ಸಲ ಬಿಡುವ ಮಗಾ" ಎಂದಳು ಅಮ್ಮ.

"ಗುರುತುಂಟಲ್ಲ ಅಮ್ಮ. ಇಷ್ಟು ವರ್ಷದ್ದು" ಎಂದ.

ಬೆಳಿಗ್ಗೆ ಅವ ಹೋದದ್ದು ನನಗೆ ತಿಳಿಯಲಿಲ್ಲ. ಎದ್ದಾಗ ತೊಗಟೆ ಅಡಿಗೆಮನೆಯಲ್ಲಿತ್ತು. ಪಾಲೆಯ ತೊಗಟೆಯಲ್ಲಿ ಹಾಲು ಬರುತ್ತದೆ, ನೀವು ಹಾಲು ನೋಡಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದರು. ಮಳೆಯಲ್ಲಿ ತೊಳೆದು ಹೋದ ತೊಗಟೆ. ಚಿಮಣಿ ದೀಪದಲ್ಲಿ ಅಮ್ಮ ಅರೆದಳು, ನಾನು ಹಿಂಡಿದೆ. ಅಣ್ಣ ತಂದದ್ದನ್ನು ಯಾವತ್ತೂ ನಾವು ಪರೀಕ್ಷೆ ಮಾಡಿದ್ದಿಲ್ಲ. ಕೇಳುವವರೂ ಅವರವರ ಮನೆಯಲ್ಲಿ ಮಾಡಿರಲಿಕ್ಕಿಲ್ಲ.

ಮನೆಯ ಗಂಡಸು ಮೊದಲು ಕುಡಿಯುವುದು ನಮ್ಮಲ್ಲಿ ಕ್ರಮ. ಅವ ಲೋಟ ಎತ್ತಿ, ಮುಖ ಕಿವುಚದೆ ಒಂದೇ ಗುಟುಕಿಗೆ ಕುಡಿಯುತ್ತಿದ್ದ. ನಮ್ಮಿಬ್ಬರಿಗೆ ಧೈರ್ಯ ಬರಲಿ ಎಂದು. ಆ ದಿನವೂ ಹಾಗೇ ಕುಡಿದ. "ಈ ವರ್ಷ ಕಹಿ ಜೋರುಂಟು" ಎಂದ. ಕಹಿ ಇರಬೇಕಾದದ್ದೇ ಅಲ್ಲವಾ, ಯಾರಿಗೆ ಸಂಶಯ ಬರುತ್ತದೆ? ಅಮ್ಮ ದೇವರಿಗೆ ದೀಪವಿಟ್ಟು ಬರುತ್ತೇನೆಂದು ಹೋದಳು, ನಾನು ಗಂಜಿ ಕದಡುತ್ತಿದ್ದೆ. ಅವನ ದವಡೆ ಬಿಗಿಯತೊಡಗಿತು. ಕೈ ಅದುರುತ್ತಿದ್ದಂತೆ ಅವ ಪಾತ್ರೆಯನ್ನು ನೋಡಿದ. ಗೊತ್ತಾಗಿರಬೇಕು. ಕಾಲಿನಿಂದ ಪಾತ್ರೆಯನ್ನು ಒದ್ದು ಚೆಲ್ಲಿದ. "ಕುಡಿಯಬೇಡಿ" ಎಂದ. ಅದೇ ಕೊನೆಯ ಮಾತು. ನಾವಿಬ್ಬರು ಉಳಿದದ್ದು ಆ ಒದೆತದಿಂದ.

ಕಾರು ಸಿಕ್ಕಿತು. ಪಾಣೆಮಂಗಳೂರಿನ ಸೇತುವೆ ದಾಟಿ ಬಂಟ್ವಾಳದ ಆಸ್ಪತ್ರೆ ಮುಟ್ಟುವಾಗ ಅವನ ಮೈ ಬಿಲ್ಲಿನ ಹಾಗೆ ಸೆಟೆದಿತ್ತು. ಡಾಕ್ಟರು ಕೇಳಿದ್ದು ಒಂದೇ: ಯಾವ ಮರದ್ದು? ಅದಕ್ಕೆ ಉತ್ತರ ಹೇಳಬೇಕಾದವ ಅಷ್ಟರಲ್ಲಿ ಹೋಗಿಯಾಗಿತ್ತು.

ಉತ್ತರಕ್ರಿಯೆಗೆ, ಬೊಜ್ಜದ ದಿನ, ಬೆಂಚಿಗೆ ಬರುತ್ತಿದ್ದವರೆಲ್ಲ ಬಂದರು. ಊಟಕ್ಕೆ ಕೂತರು. ಕೈ ತೊಳೆಯಲು ಬಂದಾಗ ನಾನು ಮಾಸ್ತರರ ಕೈಗೆ ನೀರು ಎರೆಯುತ್ತ, "ನೀವು ಕೂರಿಸಿದ್ದಕ್ಕೆ ಅವ ಕೂತದ್ದು ಮಾಸ್ತರೇ. ಹೋಗಬೇಕು ಎಂದು ಹೇಳಿದ್ದ" ಎಂದೆ.

ಅವರು ಕೈ ಒರಸಿಕೊಂಡರು. "ಅದೆಲ್ಲ ಈಗ ಯಾಕಮ್ಮ? ಅವನ ಆಯುಷ್ಯ ಅಷ್ಟೇ ಇದ್ದದ್ದು."

"ನಾನು ಆ ದಿನ ಬೇಗ ಎದ್ದು ಹೋಗಿದ್ದೇನೆ" ಎಂದರು ಹಿಂದೆ ನಿಂತಿದ್ದ ಹೋಟೆಲಿನ ಯಜಮಾನರು. ನಾನು ಕೇಳಿರಲೂ ಇಲ್ಲ.

ಬಸ್ಸಿನ ಏಜೆಂಟರು ಉಂಡು, ಕೈ ತೊಳೆದು ಹೋದರು. ಅವರು ಹೇಳಿದ್ದು ಬಸ್ ಸ್ಟಾಂಡಿನಲ್ಲಿ, ಬೇರೆಯವರಿಗೆ. "ಟೈಲರಿಗೆ ಚಂದ್ರನ ಕಲ್ಲು ಗೊತ್ತಿತ್ತು, ಹಿತ್ತಲಿನ ಮರ ಗೊತ್ತಿರಲಿಲ್ಲ." ಒಳ್ಳೆಯ ಮಾತುಗಾರ ಅವರು. ಹೇಳಿದ್ದು ಜನರ ಬಾಯಲ್ಲಿ ನಿಂತಿತು. ಬಸ್ಸಿನ ಜೊತೆಗೆ ಊರೂರು ಹೋಯಿತು. ಹೆಚ್ಚು ಓದಿದ ಮಗ ಮನೆಕೆಲಸದಲ್ಲಿ ಏನಾದರೂ ತಪ್ಪಿದರೆ, "ನೀನೂ ಮೆಲ್ಕಾರಿನ ಟೈಲರನ ಹಾಗೆ ಆಗ್ತಿ" ಎಂದು ಹೇಳುವುದು ಚಾರ್ಮಾಡಿಯವರೆಗೆ ಉಂಟು ಎಂದು ಕೇಳಿದ್ದೇನೆ.

ನಾನೇ ಒಮ್ಮೆ ಕೇಳಿದ್ದು ಬೆಳ್ತಂಗಡಿಗೆ ಹೋಗುವಾಗ. ಮುಂದಿನ ಸೀಟಿನಲ್ಲಿ ಇಬ್ಬರು ಈ ಕತೆಯನ್ನು ನಗುತ್ತ ಹೇಳುತ್ತಿದ್ದರು. ಅವರ ಕತೆಯಲ್ಲಿ ಅಣ್ಣ ರೇಡಿಯೋ ಹೊತ್ತುಕೊಂಡು ಗುಡ್ಡೆಗೆ ಹೋಗಿದ್ದ. ನನಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. "ಅವ ನನ್ನ ಅಣ್ಣ. ಅವನಿಗೆ ಮರ ಗೊತ್ತಿತ್ತು" ಎಂದೆ. ಸ್ವಲ್ಪ ದೂರ ಹೋದ ಮೇಲೆ ಅವರಲ್ಲೊಬ್ಬರು ತಿರುಗಿ, ಮರ್ಯಾದೆಯಿಂದಲೇ ಕೇಳಿದರು: "ಗೊತ್ತಿದ್ದರೆ ಮತ್ತೆ ಹೇಗೆ ಅಕ್ಕಾ?" ನನ್ನಲ್ಲಿ ಚಿಕ್ಕ ಉತ್ತರ ಇರಲಿಲ್ಲ. ನೂಲು, ಪತ್ರಿಕೆ, ಸ್ಟೂಲು ಎಲ್ಲ ಹೇಳಬೇಕು. ಅಷ್ಟರಲ್ಲಿ ಅವರು ಇಳಿಯುವ ಜಾಗ ಬಂತು. ಏಜೆಂಟರ ಆ ಮಾತಾದರೋ ಒಂದೇ ಸಾಲಿನದ್ದು, ಎಲ್ಲಿ ಬೇಕಾದರೂ ಹೇಳಿ ಇಳಿದು ಹೋಗಬಹುದು.

ದೀಪಾವಳಿ ಕಳೆದ ಮೇಲೆ ಎರಡನೆಯ ಸಲ ಚಂದ್ರನಿಗೆ ಹೋದರು. ಆಗ ನಮ್ಮ ಬೆಂಚಿನವರೆಲ್ಲ ಹೋಟೆಲಿನಲ್ಲಿ ಕೂತು ಓದಿಕೊಂಡರು. ನಮ್ಮ ಅಂಗಡಿಯ ಬೆಂಚನ್ನೂ ಹೋಟೆಲಿನ ಯಜಮಾನರು ಕೇಳಿ ಒಯ್ದಿದ್ದರು. ಹೇಗೂ ನಿಮಗೆ ಇನ್ನು ಯಾಕೆ ಎಂದರು. ಚಂದ್ರನ ಮಣ್ಣು ತಿಂದ ಇಲಿಗಳಿಗೆ ಏನೂ ಆಗಲಿಲ್ಲವಂತೆ. ಅದನ್ನು ನಾನು ಓದಿದ್ದು ಬಹಳ ತಡವಾಗಿ, ಸಾಮಾನು ಕಟ್ಟಿಕೊಟ್ಟ ಹಳೆಯ ಕಾಗದದಲ್ಲಿ. ಅಮ್ಮನಿಗೆ ಹೇಳಲಿಲ್ಲ. ಅವಳು ಆಗ ನಾಯಿಯ ವಿಷಯ ಕೇಳುವುದನ್ನೂ ಬಿಟ್ಟಿದ್ದಳು.

ಮೆಷಿನು ನಾನೇ ಮೆಟ್ಟಿದೆ. ಹೆಂಗಸರ ರವಿಕೆ, ಮಕ್ಕಳ ಲಂಗ ಹೊಲಿದು ನಾವಿಬ್ಬರೂ ಬದುಕಿದೆವು. ಆಟಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಬರೀ ಗಂಜಿ. ಅವನ ಅಂಗಿ ಮೊಳೆಯಲ್ಲಿ ಬಹಳ ದಿನ ಇತ್ತು. ಕೊನೆಗೆ ಒಗೆಯಲು ತೆಗೆದಾಗ ಕಿಸೆಯಲ್ಲಿ ಬಿಳಿ ನೂಲಿನ ಉಂಡೆ ಸಿಕ್ಕಿತು, ತುದಿ ಇನ್ನೂ ಬಿಚ್ಚದ್ದು. ಅದನ್ನು ತೆಗೆದುಕೊಂಡು ಹೋಗಿ ಮಾಸ್ತರರಿಗೆ ತೋರಿಸಬೇಕೆಂದು ಹೊರಟು, ಗೇಟಿನವರೆಗೆ ಹೋಗಿ ತಿರುಗಿ ಬಂದೆ. ತೋರಿಸಿದರೆ ಅವರು ಆಯುಷ್ಯ ಎನ್ನುತ್ತಾರೆ.

ಬೆಂಚಿನ ಆ ಮೂವರಲ್ಲಿ ಇಬ್ಬರು ಈಗ ಇಲ್ಲ. ಒಬ್ಬರಿದ್ದಾರೆ, ಕಂಡರೆ ಮಾತಾಡಿಸುತ್ತಾರೆ, ಅಮ್ಮ ಹೋದಾಗ ಬಂದಿದ್ದರು. ಆ ಸಂಜೆ ನಮ್ಮ ಅಂಗಡಿಯಲ್ಲಿ ಕೂತು ಕೇಳಿದವರಲ್ಲಿ ಒಬ್ಬರಾದರೂ, "ಅವ ಹೊರಟಿದ್ದ, ನಾವೇ ಕೂರಿಸಿದ್ದು" ಎಂದು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.